ಲಾಕ್‌ಡೌನ್ ಎಂಬ ಸುಂಕ

ಮಹಾಮಾರಿ ಬಂದಾಗ ಊರಿಗೆ ಬೀಗ ಹಾಕಿದ್ದರಿಂದ ಜೀವ ಉಳಿಯಿತೇ, ಬದುಕು ಹೋಯಿತೇ? ಹುಬ್ಬಳ್ಳಿಯ ಗಬ್ಬೂರ ಕ್ರಾಸಿನಲ್ಲಿ ನಿಂತು ಹಳೆಯ ಲೆಕ್ಕವನ್ನು ಮತ್ತೆ ಕೂಡಿಸಿ ಕಳೆದಾಗ...

ಬೆಂಗಳೂರು ಕಡೆಯಿಂದ ಬರುವವರಿಗೆ ಹುಬ್ಬಳ್ಳಿ ಶುರುವಾಗುವುದೇ ಗಬ್ಬೂರಿನಿಂದ. ಇಲ್ಲಿ ಹೆದ್ದಾರಿ ಕವಲೊಡೆಯುತ್ತದೆ. ಹಳೆಯ ಪಿ.ಬಿ. ರೋಡು ಊರೊಳಗೆ ನುಗ್ಗಿದರೆ, ಎಡಕ್ಕೆ ಹೊರಳುವ ಬೈಪಾಸು ಹುಬ್ಬಳ್ಳಿ-ಧಾರವಾಡ ಎರಡನ್ನೂ ಬಳಸಿಕೊಂಡು, ಮೂವತ್ತು ಕಿಲೋಮೀಟರ್ ಆಚೆ ನರೇಂದ್ರದ ಹತ್ತಿರ ಮತ್ತೆ ಹೆದ್ದಾರಿ ಕೂಡುತ್ತದೆ. ಬೈಪಾಸ್ ಹಿಡಿದವರು ಟೋಲ್ ಕಟ್ಟಬೇಕು. ಲಾರಿಗಳ ಗದ್ದಲ ಇಲ್ಲದ ಗಳಿಗೆಯನ್ನು ಈ ಕ್ರಾಸು ಕಂಡಿದ್ದೇ ಅಪರೂಪ.

2020ರ ಮಾರ್ಚ್ 25ರಂದು ಕಂಡಿತು. ಅಂದು ಯುಗಾದಿ. ಹಿಂದಿನ ರಾತ್ರಿ ಎಂಟಕ್ಕೆ ಪ್ರಧಾನಿ ಟಿ.ವಿ.ಯಲ್ಲಿ ಬಂದು, ನಡುರಾತ್ರಿಯಿಂದ ಇಪ್ಪತ್ತೊಂದು ದಿನ ಯಾರೂ ಹೊಸ್ತಿಲು ದಾಟಬೇಡಿ ಎಂದಿದ್ದರು. ಹಬ್ಬದ ಸಾಮಾನು ಬೆಳಿಗ್ಗೆ ತಂದರಾಯಿತು ಎಂದುಕೊಂಡಿದ್ದ ಮನೆಗಳಲ್ಲಿ ಆ ವರ್ಷದ ಬೇವು-ಬೆಲ್ಲ ಅರ್ಧವೇ ಆಯಿತು. ಬೇವು ಬೀದಿಯ ಗಿಡದಲ್ಲಿತ್ತು. ಬೆಲ್ಲ ಅಂಗಡಿಯಲ್ಲಿತ್ತು, ಅಂಗಡಿಗೆ ಕದ ಬಿದ್ದಿತ್ತು.

ಅದೇ ವಾರ ದೇಶದ ರಾಷ್ಟ್ರೀಯ ಹೆದ್ದಾರಿಗಳಲ್ಲಿ ಟೋಲ್ ವಸೂಲಿ ನಿಲ್ಲಿಸಿದರು. ಏಪ್ರಿಲ್ 20ಕ್ಕೆ ಅದು ಮತ್ತೆ ಶುರುವಾಯಿತು. ನಡುವಿನ ದಿನಗಳಲ್ಲಿ ಔಷಧಿ, ದಿನಸಿ ಹೊತ್ತ ಲಾರಿಗಳು ಬಿಟ್ಟಿಯಾಗಿ ದಾಟಿಹೋದವು. ಸುಂಕ ಬಿದ್ದದ್ದು ಮನೆಯೊಳಗೆ ಕೂತವರ ಮೇಲೆ. ಲಾಕ್‌ಡೌನ್ ಎಂಬುದೂ ಒಂದು ಸುಂಕವೇ. ಅದನ್ನು ಕಟ್ಟಿದರೆ ಸಿಗುವುದು ಸಮಯ. ಹಾಗಿರುವಾಗ ಕೇಳಬೇಕಾದ ಪ್ರಶ್ನೆ ಟೋಲ್ ನಾಕಾದಲ್ಲಿ ಕೇಳುವುದೇ: ಎಷ್ಟು ಕಟ್ಟಿದೆವು, ಯಾರು ಕಟ್ಟಿದರು, ಅದಕ್ಕೆ ತಕ್ಕ ರಸ್ತೆ ಸಿಕ್ಕಿತೇ? ನಮ್ಮಲ್ಲಿ ಮೂರು ಸಲ ಕಟ್ಟಿಸಿಕೊಂಡರು, ಒಂದು ಸಲ ಬಿಟ್ಟರು. ನಾಲ್ಕನ್ನೂ ಬೇರೆ ಬೇರೆ ತೂಗಬೇಕು.

ಮೊದಲ ಸಲ: ಸಮಯ ಸಿಕ್ಕಿದ್ದು ನಿಜ

ದೇಶದ ಮೊದಲ ಕೋವಿಡ್ ಸಾವು ನಮ್ಮದೇ ಕಲಬುರಗಿಯಲ್ಲಿ, 2020ರ ಮಾರ್ಚ್ 10ರಂದು. ಧಾರವಾಡ ಜಿಲ್ಲೆಗೆ ಸೋಂಕು ಕಾಲಿಟ್ಟದ್ದು ಮಾರ್ಚ್ 22ರ ಜನತಾ ಕರ್ಫ್ಯೂ ಹೊತ್ತಿಗೆ. ಆಗ ಇಲ್ಲಿಯ ಗಂಟಲು ದ್ರವವನ್ನು ಪರೀಕ್ಷೆಗೆ ಬೇರೆ ಊರಿಗೆ ಕಳಿಸಿ, ಫಲಿತಾಂಶಕ್ಕೆ ದಾರಿ ಕಾಯಬೇಕಿತ್ತು. ಹುಬ್ಬಳ್ಳಿಯ ಸರ್ಕಾರಿ ಆಸ್ಪತ್ರೆ ಕಿಮ್ಸ್‌ನಲ್ಲಿ ಪರೀಕ್ಷೆ ಶುರುವಾದದ್ದು ಏಪ್ರಿಲ್‌ನಲ್ಲಿ. ಪಿಪಿಇ ಕಿಟ್ಟಿಗಾಗಿ ಪರದಾಡುತ್ತಿದ್ದ ದೇಶ ಮೇ ಹೊತ್ತಿಗೆ ದಿನಕ್ಕೆ ಲಕ್ಷಗಟ್ಟಲೆ ತಯಾರಿಸತೊಡಗಿತು. ರೋಗ ಹೇಗೆ ಹರಡುತ್ತದೆ, ಯಾವ ಔಷಧಿ ಹಿಡಿಯುತ್ತದೆ ಎಂಬುದು ವೈದ್ಯರಿಗೂ ತಿಳಿಯದಿದ್ದ ಕಾಲ ಅದು. ಇಪ್ಪತ್ತೊಂದು ದಿನ ಬೆಳೆದು ಆದ ಆ ಎರಡು ತಿಂಗಳು ಸಿಗದಿದ್ದರೆ ಕಿಮ್ಸ್‌ನ ವಾರ್ಡುಗಳು ಕೈಗವಸು ಇಲ್ಲದೆಯೇ ಜನಸಾಗರವನ್ನು ಎದುರಿಸಬೇಕಿತ್ತು.

ನಂಜನಗೂಡಿನ ಔಷಧ ಕಾರ್ಖಾನೆಯ ಉದಾಹರಣೆಯೂ ಇದೆ. ಮಾರ್ಚ್ ಕೊನೆಯಲ್ಲಿ ಒಬ್ಬ ನೌಕರನಿಗೆ ಸೋಂಕು ಕಂಡಿತು. ಸಾವಿರಕ್ಕೂ ಮಿಕ್ಕಿದ ನೌಕರರನ್ನೂ ಅವರ ಒಡನಾಟದವರನ್ನೂ ಹುಡುಕಿ, ಬೇರೆ ಇಟ್ಟು, ಪರೀಕ್ಷಿಸಿ, ಮೇ ಮಧ್ಯದ ಹೊತ್ತಿಗೆ ಆ ಸರಪಳಿಯನ್ನು ಕಡಿದರು. ಊರೆಲ್ಲ ನಿಂತಿದ್ದರಿಂದ ಹುಡುಕುವವರಿಗೆ ಸೋಂಕಿನ ಹಿಂದೆ ಓಡಲು ಸಾಧ್ಯವಾಯಿತು.

ಆದರೆ ಬೀಗ ರೋಗವನ್ನು ತಡೆಹಿಡಿಯಿತೇ ಹೊರತು ಓಡಿಸಲಿಲ್ಲ. ಅದೇ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ನಡೆಸಿದ ರಕ್ತಪರೀಕ್ಷೆಯ ಸಮೀಕ್ಷೆ, ಕರ್ನಾಟಕದ ಶೇ 27.3 ಜನರಿಗೆ, ಅಂದರೆ 1.93 ಕೋಟಿ ಮಂದಿಗೆ, ಸೋಂಕು ತಗುಲಿದೆ ಎಂದಿತು.

ರೊಟ್ಟಿಯ ಲೆಕ್ಕ

ಹೆದ್ದಾರಿಯ ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದು ಕೊಡುವ ಹೆಣ್ಣುಮಗಳೊಬ್ಬರು ನಮ್ಮ ಓಣಿಯ ಹಿಂದೆ ಇದ್ದಾರೆ. ನಸುಕಿನ ನಾಲ್ಕಕ್ಕೆ ಒಲೆ ಹೊತ್ತಿಸಿ ಕೂತರೆ ಎಂಟರೊಳಗೆ ಇನ್ನೂರು ರೊಟ್ಟಿ. ಆ ಮಾರ್ಚಿನಲ್ಲಿ ಖಾನಾವಳಿ ಬಾಗಿಲು ಹಾಕಿದಾಗ ಅವರ ಬುಟ್ಟಿಯಲ್ಲಿ ಕೊಡಲು ಇಟ್ಟಿದ್ದ ಕಡಕ್ ರೊಟ್ಟಿಯ ಗೋಪುರ ಹಾಗೇ ಉಳಿಯಿತು. ಮೊನ್ನೆ ಆ ಮಾತು ತೆಗೆದಾಗ ಹಿಟ್ಟಿನ ಕೈ ಸೀರೆಯ ಸೆರಗಿಗೆ ಒರೆಸಿಕೊಂಡು ಹೇಳಿದರು: "ಕಡಕ್ ರೊಟ್ಟಿ ಎರಡ ತಿಂಗಳಾ ಇಟ್ರೂ ಕೆಡೂದಿಲ್ರಿ. ಸಂಘದ ಕಂತು ಎರಡ ವಾರ ತಡಾ ಆತಂದ್ರ ಕೆಡತೈತಿ."

ಆ ಮೇ 6ರಂದು ರಾಜ್ಯ ಸರ್ಕಾರ 1,610 ಕೋಟಿ ರೂಪಾಯಿಯ ಪರಿಹಾರ ಘೋಷಿಸಿತು. ಕ್ಷೌರಿಕರಿಗೆ, ಅಗಸರಿಗೆ, ಆಟೊ-ಟ್ಯಾಕ್ಸಿ ಚಾಲಕರಿಗೆ ತಲಾ 5,000. ಹೂ ಬೆಳೆಗಾರರಿಗೆ ಹೆಕ್ಟೇರಿಗೆ 25,000. ಒಳ್ಳೆಯದೇ. ರೊಟ್ಟಿ ಬಡಿಯುವವರು ಆ ಪಟ್ಟಿಯಲ್ಲಿ ಇರಲಿಲ್ಲ. ಪಂಕ್ಚರ್ ತಿದ್ದುವವನೂ ಇರಲಿಲ್ಲ, ಢಾಬಾದಲ್ಲಿ ಪಾತ್ರೆ ತಿಕ್ಕುವ ಹುಡುಗನೂ ಇರಲಿಲ್ಲ. ಸುಂಕದವನ ಮುಂದೆ ಸುಖ-ದುಃಖ ಹೇಳಿಕೊಂಡರೇನು ಎಂಬ ಗಾದೆ ಹುಟ್ಟಿದ್ದೇ ಇಂಥವರಿಗಾಗಿ ಇರಬೇಕು.

ಸುಂಕದ ಕ್ರೂರ ಮುಖ ಕಂಡದ್ದು ತಲಪಾಡಿಯಲ್ಲಿ. ಕೇರಳದ ಗಡಿಗೆ ನಾವು ಮಣ್ಣು ಸುರಿದು ರಸ್ತೆ ಮುಚ್ಚಿದೆವು. ಕಾಸರಗೋಡಿನ ಜನಕ್ಕೆ, ಕನ್ನಡಿಗರಿಗೂ ಮಲಯಾಳಿಗಳಿಗೂ, ದೊಡ್ಡಾಸ್ಪತ್ರೆಯೆಂದರೆ ಮಂಗಳೂರು. ಅಲ್ಲಿಗೆ ತಲುಪಲಾಗದೆ ಹಲವರು ಪ್ರಾಣ ಬಿಟ್ಟರು. ಅವರನ್ನು ಕೊಂದದ್ದು ಕೋವಿಡ್ ಅಲ್ಲ. ಮಾತು ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು.

ಎರಡನೆಯ ಸಲ: ರೂಢಿಗೆ ಬಿದ್ದ ಬೀಗ

2020ರ ಜುಲೈ 15ರಿಂದ ಧಾರವಾಡ ಜಿಲ್ಲೆಗೆ ಮತ್ತೆ ಬೀಗ ಬಿತ್ತು. ಈ ಹೊತ್ತಿಗೆ ಸೋಂಕು ಓಣಿ ಓಣಿಗೆ ಹಬ್ಬಿತ್ತು. ಹತ್ತು ದಿನದ ಬೀಗದಿಂದ ಅದನ್ನು ಎಲ್ಲಿಗೆ ಕಳಿಸಬೇಕಿತ್ತು ಎಂಬುದು ಯಾರಿಗೂ ಸ್ಪಷ್ಟವಿರಲಿಲ್ಲ. ಘೋಷಣೆಗೂ ಜಾರಿಗೂ ನಡುವೆ ಸಿಕ್ಕ ಸಮಯದಲ್ಲಿ ಸಂತೆಗೆ ಸಂತೆಯೇ ಅಂಗಡಿಗಳಿಗೆ ಮುಗಿಬಿತ್ತು. ಒಂದೇ ವಾರ, ಜುಲೈ 21ರಂದು ಮುಖ್ಯಮಂತ್ರಿ ಯಡಿಯೂರಪ್ಪ, ಲಾಕ್‌ಡೌನ್ ಪರಿಹಾರವಲ್ಲ, ರಾಜ್ಯದಲ್ಲಿ ಇನ್ನು ಅದು ಇರುವುದಿಲ್ಲ ಎಂದರು. ಮಾರ್ಚಿನಲ್ಲಿ ಕೊಟ್ಟ ಸುಂಕಕ್ಕೆ ಪ್ರಯೋಗಾಲಯಗಳಾದರೂ ಬಂದಿದ್ದವು. ಜುಲೈನ ಸುಂಕಕ್ಕೆ ರಸೀದಿ ಕೂಡ ಸಿಗಲಿಲ್ಲ.

ಮೂರನೆಯ ಸಲ: ಬೇರೆ ದಾರಿಯೇ ಇಲ್ಲದಾಗ

ಇನ್ನು ಇರುವುದಿಲ್ಲ ಎಂದ ಲಾಕ್‌ಡೌನ್ 2021ರ ಏಪ್ರಿಲ್ 27ರ ರಾತ್ರಿ ಮರಳಿ ಬಂತು. ಮೇ 5ರಂದು ರಾಜ್ಯದಲ್ಲಿ ಒಂದೇ ದಿನ 50,112 ಹೊಸ ಪ್ರಕರಣ. ಅದರ ಹಿಂದಿನ ದಿನಗಳಲ್ಲಷ್ಟೇ ಚಾಮರಾಜನಗರದ ಆಸ್ಪತ್ರೆಯಲ್ಲಿ ಆಮ್ಲಜನಕವಿಲ್ಲದೆ ಸಾವುಗಳಾಗಿದ್ದವು. ಈ ಸಲದ ಬೀಗವನ್ನು ತಪ್ಪೆನ್ನುವುದು ಕಷ್ಟ. ಬಾವಿಗೆ ಬಿದ್ದವನಿಗೆ ಹಗ್ಗ ಒರಟಾಯಿತು ಎಂಬ ದೂರು ಇರುವುದಿಲ್ಲ. ಜೂನ್ 14ಕ್ಕೆ ಸಡಿಲಿಕೆ ಶುರುವಾದಾಗ ದಿನದ ಪ್ರಕರಣ ಹತ್ತು ಸಾವಿರದೊಳಗೆ ಇಳಿದಿತ್ತು. ಅಲೆ ತಾನಾಗಿಯೇ ಇಳಿಯುತ್ತಿತ್ತು ಎನ್ನುವವರ ಮಾತಿನಲ್ಲೂ ಹುರುಳಿದೆ. ಎರಡನ್ನೂ ಬಿಡಿಸಿ ತೂಗುವ ತಕ್ಕಡಿ ಯಾರ ಹತ್ತಿರವೂ ಇಲ್ಲ. ಆದರೆ ಹಗ್ಗದ ಮಾತಿಗಿಂತ ಮೊದಲು, ಬಾವಿಗೆ ಬಿದ್ದದ್ದು ಹೇಗೆ ಎಂದು ಕೇಳಬೇಕು. ಹಿಂದಿನ ವರ್ಷ ಕೊಂಡ ಸಮಯದಲ್ಲಿ ಆಮ್ಲಜನಕದ ಪೂರೈಕೆ ಏಕೆ ಸಿದ್ಧವಾಗಲಿಲ್ಲ?

ಆಗಿನ ಒಂದು ನಿಯಮ ನೆನಪಿದೆಯೇ? ದಿನಸಿ, ತರಕಾರಿ ಬೆಳಿಗ್ಗೆ ಆರರಿಂದ ಹತ್ತರವರೆಗೆ ಮಾತ್ರ. ಇಡೀ ದಿನ ಹರಡಿಕೊಂಡಿರುತ್ತಿದ್ದ ಗಿರಾಕಿಗಳು ನಾಲ್ಕು ತಾಸಿನಲ್ಲಿ ಒತ್ತೊತ್ತಾಗಿ ನಿಂತರು. ಇದೇ ತಪ್ಪಿಗೆ ದೂರದ ಪೆರು ದೇಶ ಬಲು ದೊಡ್ಡ ಬೆಲೆ ತೆತ್ತಿದೆ. 2020ರ ಮಾರ್ಚ್ 16ರಿಂದಲೇ ಸೈನಿಕರನ್ನಿಳಿಸಿ ಬಿಗಿ ಲಾಕ್‌ಡೌನ್ ಮಾಡಿದ ಪೆರು, ಜನಸಂಖ್ಯೆಗೆ ಹೋಲಿಸಿದರೆ ಜಗತ್ತಿನಲ್ಲೇ ಅತಿ ಹೆಚ್ಚು ಸಾವು ಕಂಡಿತು. ಅಲ್ಲಿಯ ಸುಮಾರು ಅರ್ಧದಷ್ಟು ಮನೆಗಳಲ್ಲಿ ಫ್ರಿಜ್ ಇರಲಿಲ್ಲ. ದಿನದ ದುಡಿಮೆ ದಿನಕ್ಕೆ ತಿನ್ನುವವರು ದಿನಾಲೂ ಸಂತೆಗೆ ಬರಲೇಬೇಕು. ಆದೇಶ ಎಷ್ಟೇ ಬಿಗಿಯಿದ್ದರೂ ಅದು ಅಡುಗೆಮನೆಗೆ ಹೊಂದಬೇಕು.

ಶಾಲೆಯ ಲೆಕ್ಕವಂತೂ ನಾಚಿಕೆಗೇಡು. ಮದ್ಯದಂಗಡಿಗಳು 2020ರ ಮೇ 4ಕ್ಕೇ ತೆರೆದವು. ಅದೇ ಜೂನ್ 25ರಿಂದ ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ಕೂರಿಸಿ ಎಸ್ಸೆಸ್ಸೆಲ್ಸಿ ಪರೀಕ್ಷೆಯನ್ನೂ ನಡೆಸಿ ತೋರಿಸಿದೆವು. ಆದರೆ ಒಂದರಿಂದ ಐದನೇ ತರಗತಿಯ ಮಕ್ಕಳು ಬೆಂಚಿಗೆ ಮರಳಿದ್ದು 2021ರ ಅಕ್ಟೋಬರ್ 25ಕ್ಕೆ. ಕರ್ನಾಟಕವೂ ಸೇರಿ ಐದು ರಾಜ್ಯಗಳಲ್ಲಿ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ನಡೆಸಿದ ಅಧ್ಯಯನದಲ್ಲಿ, ಎರಡರಿಂದ ಆರನೇ ತರಗತಿಯ ಶೇ 92 ಮಕ್ಕಳು ಹಿಂದೆ ಕಲಿತಿದ್ದ ಭಾಷೆಯ ಒಂದಾದರೂ ಕೌಶಲ ಮರೆತಿದ್ದರು.

ನಾಲ್ಕನೆಯ ಸಲ: ಊರು ಬಿಟ್ಟು ಕೋಣೆಗೆ ಬೀಗ

2021ರ ನವೆಂಬರಿನಲ್ಲಿ ಹುಬ್ಬಳ್ಳಿ-ಧಾರವಾಡಗಳ ನಡುವಿನ ಸತ್ತೂರಿನಲ್ಲಿರುವ ಎಸ್‌ಡಿಎಂ ವೈದ್ಯಕೀಯ ಕಾಲೇಜಿನಲ್ಲಿ ಹೊಸ ವಿದ್ಯಾರ್ಥಿಗಳ ಸ್ವಾಗತ ಕಾರ್ಯಕ್ರಮದ ಬೆನ್ನಿಗೆ ಸೋಂಕು ಸಿಡಿಯಿತು. ದಿನ ಕಳೆದಂತೆ ಸಂಖ್ಯೆ ಮುನ್ನೂರರ ಹತ್ತಿರಕ್ಕೆ ಹೋಯಿತು. 2020ರ ಭಯವಾಗಿದ್ದರೆ ಜಿಲ್ಲೆಗೆ ಜಿಲ್ಲೆಯೇ ಮುಚ್ಚುತ್ತಿತ್ತು. ಈ ಸಲ ಹಾಸ್ಟೆಲುಗಳಿಗೆ ಬೀಗ ಹಾಕಿ, ಒಳಗಿನವರನ್ನೆಲ್ಲ ಪರೀಕ್ಷಿಸಿದರು. ಗಬ್ಬೂರ ಕ್ರಾಸಿನಲ್ಲಿ ಚಹಾ ಕುದಿಯುತ್ತಲೇ ಇತ್ತು. ಸೋಂಕಿತರಲ್ಲಿ ಹೆಚ್ಚಿನವರು ಲಸಿಕೆ ಹಾಕಿಸಿಕೊಂಡಿದ್ದರು, ಪರೀಕ್ಷೆ ಕೈಯಳತೆಯಲ್ಲಿತ್ತು. ಮೊದಲ ಸಲ ಕಟ್ಟಿದ ಸುಂಕದ ರಸ್ತೆ ಅಂತೂ ಇಲ್ಲಿ ಕಣ್ಣಿಗೆ ಬಿತ್ತು.

ಪಂಡಿತರ ಜಗಳ, ಅಜ್ಜಿಯ ನೆನಪು

ಜಗತ್ತಿನ ಪಂಡಿತರಲ್ಲೂ ಒಮ್ಮತವಿಲ್ಲ. ಯುರೋಪಿನ 11 ದೇಶಗಳಲ್ಲಿ ಲಾಕ್‌ಡೌನ್ ಮತ್ತಿತರ ಕ್ರಮಗಳು 31 ಲಕ್ಷ ಸಾವು ತಪ್ಪಿಸಿದವು ಎಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು 2020ರ ಜೂನ್‌ನಲ್ಲಿ 'ನೇಚರ್' ಪತ್ರಿಕೆಯಲ್ಲಿ ಲೆಕ್ಕ ಕೊಟ್ಟರು. ಮೊದಲ ಅಲೆಯ ಲಾಕ್‌ಡೌನ್‌ಗಳಿಂದ ಸಾವು ತಗ್ಗಿದ್ದು ಬರೀ ಶೇ 0.2 ಎಂದು 2022ರಲ್ಲಿ ಹರ್ಬಿ, ಯೊನುಂಗ್, ಹ್ಯಾಂಕೆ ಎಂಬ ಅರ್ಥಶಾಸ್ತ್ರಜ್ಞರು ವಾದಿಸಿದರು. ಎರಡೂ ಲೆಕ್ಕಗಳ ಮೇಲೆ ಬಲವಾದ ಆಕ್ಷೇಪಗಳಿವೆ. ಸ್ವೀಡನ್ ಬೀಗ ಹಾಕದೆ, ಮೊದಲ ವರ್ಷ ನೆರೆಯ ನಾರ್ವೆಗಿಂತ ಎಷ್ಟೋ ಪಟ್ಟು ಹೆಚ್ಚು ಸಾವು ಕಂಡಿತು. ಮೂರು ವರ್ಷಗಳ ಹೆಚ್ಚುವರಿ ಸಾವಿನ ಲೆಕ್ಕ ತೆಗೆದಾಗ ಅದೇ ಸ್ವೀಡನ್ ಯುರೋಪಿನ ಕಡಿಮೆ ಸಾವಿನ ದೇಶಗಳ ಸಾಲಿನಲ್ಲಿತ್ತು. ಅಮೆರಿಕದಲ್ಲಿ ಗೂಲ್ಸ್‌ಬಿ ಮತ್ತು ಸಿವರ್ಸನ್ ಮೊಬೈಲ್ ಮಾಹಿತಿ ಹಿಡಿದು ನೋಡಿದರೆ, ಅಂಗಡಿಗಳಿಗೆ ಜನರ ಓಡಾಟ ಶೇ 60ರಷ್ಟು ಬಿದ್ದಿತ್ತು. ಆ 60ರಲ್ಲಿ ಸರ್ಕಾರಿ ಆದೇಶದ ಪಾಲು ಬರೀ 7. ಉಳಿದದ್ದು ಜನರ ಸ್ವಂತ ಹೆದರಿಕೆ. ಬ್ರಿಟನ್ನಿನ ರಾಯಲ್ ಸೊಸೈಟಿ 2023ರಲ್ಲಿ ನೂರಾರು ಅಧ್ಯಯನಗಳನ್ನು ಜಾಲಾಡಿ ಹೇಳಿದ್ದು ಹುಬ್ಬಳ್ಳಿಯ ಅನುಭವಕ್ಕೂ ತಾಳೆಯಾಗುತ್ತದೆ: ಸೋಂಕು ಇನ್ನೂ ಕಡಿಮೆ ಇರುವಾಗ, ಹಲವು ಕ್ರಮಗಳನ್ನು ಒಟ್ಟಿಗೆ ತಂದಾಗ ಫಲ ಹೆಚ್ಚು.

ನಮ್ಮ ಊರಿಗೆ ಇದು ಮೊದಲ ಪಾಠವೂ ಅಲ್ಲ. 1896ರಲ್ಲಿ ಮುಂಬಯಿಗೆ ಬಂದ ಪ್ಲೇಗು 1898ರ ಹೊತ್ತಿಗೆ ಹುಬ್ಬಳ್ಳಿಯನ್ನು ಹಿಂಡಿತು. ಆ ರೋಗಕ್ಕೆಂದು ಬ್ರಿಟಿಷರು ಮಾಡಿದ 1897ರ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನೇ 2020ರಲ್ಲೂ ಕಪಾಟಿನಿಂದ ತೆಗೆದರು. ಪ್ಲೇಗಿನ ಕಾಲದಲ್ಲಿ ಜನ ಮಾಡಿದ್ದು ಮಾತ್ರ ಲಾಕ್‌ಡೌನಿಗೆ ತದ್ವಿರುದ್ಧ. "ಇಲಿ ಬಿತ್ತಂದ್ರ ಊರು ಬಿಟ್ಟು ಹೊಲದಾಗ ಗುಡಿಸಲಾ ಹಾಕ್ತಿದ್ರು" ಎಂದು ನಮ್ಮ ಅಜ್ಜಿ ತಾನು ಕೇಳಿದ್ದನ್ನು ಹೇಳುತ್ತಿದ್ದಳು. ರೋಗ ಮನೆಯ ಇಲಿ-ಚಿಗಟದಲ್ಲಿತ್ತು, ಮನೆ ಬಿಟ್ಟವರು ಬದುಕಿದರು. ಕೋವಿಡ್ ಇದ್ದದ್ದು ಮುಚ್ಚಿದ ಕೋಣೆಯ ಗಾಳಿಯಲ್ಲಿ. ಒಂದೇ ಖೋಲಿಯಲ್ಲಿ ಆರು ಜನರಿರುವ ಮನೆಗೆ 'ಒಳಗೇ ಇರಿ' ಎಂಬ ಒಂದೇ ಮಾತು ಹೇಳಿ ಕೈತೊಳೆದುಕೊಂಡರೆ ಸಾಲದು. ಅಂದು ಸುಮಾರು 50 ಸಾವಿರ ಜನರಿದ್ದ ಹುಬ್ಬಳ್ಳಿಯಲ್ಲಿ 35 ಸಾವಿರಕ್ಕೂ ಹೆಚ್ಚು ಮಂದಿ ಹಾಫ್‌ಕಿನ್ ಲಸಿಕೆ ಚುಚ್ಚಿಸಿಕೊಂಡರು. ಗುಡಿಸಲು ಕೊಂಡು ಕೊಟ್ಟ ಸಮಯವನ್ನು ಸೂಜಿ ಬಳಸಿಕೊಂಡಿತು.

ಹಾಗಾದರೆ ನನ್ನ ನಿಲುವೇನು? ಹೊಸ ರೋಗ ಬಂದಾಗ, ಮೊದಲ ದಿನಗಳಲ್ಲಿ, ಚಿಕ್ಕದೊಂದು ಬೀಗಕ್ಕೆ ನನ್ನ ಒಪ್ಪಿಗೆ ಇದೆ. ಆದರೆ ಸುಂಕದ ದರ, ಅವಧಿ, ಅದರಿಂದ ಕಟ್ಟುವ ರಸ್ತೆ, ಮೂರೂ ನಾಕಾದ ಮೇಲೆ ಬರೆದಿರಬೇಕು. ಕಟ್ಟಲಾರದವರ ಪಾಲನ್ನು ಮೊದಲೇ ತೆಗೆದಿಟ್ಟಿರಬೇಕು. ಎರಡನೇ ಸಲ ಕೇಳಲು ಬಂದವರು ಮೊದಲ ಸಲದ ಲೆಕ್ಕ ಒಪ್ಪಿಸಬೇಕು.

ಮತ್ತೆ ಅಂಥ ರೋಗ ಬಂದರೆ ಬಾಗಿಲು ಹಾಕಿಕೊಳ್ಳುತ್ತೀರೇನು ಎಂದು ರೊಟ್ಟಿಯಾಕೆಯನ್ನು ಕೇಳಿದೆ. ಹಂಚಿನ ಮೇಲೆ ಉಬ್ಬಿದ ರೊಟ್ಟಿಯನ್ನು ಬಟ್ಟೆಯಿಂದ ಒತ್ತುತ್ತ ಅವರು ಕ್ಷಣ ಸುಮ್ಮನಿದ್ದರು.

"ಹಾಕ್ಕೊಂತೀವ್ರಿ, ಜೀವಕ್ಕಿಂತ ಹೆಚ್ಚೇನೈತಿ? ಆದ್ರ ಎಷ್ಟ ದಿನಾ ಅಂತ ಹಿಂದಿನ ದಿನಾನರ ಹೇಳ್ರಿ. ಜ್ವಾಳಾ ಎಷ್ಟ ಬೀಸಿಸ್ಬೇಕು ಅಂತ ನಾ ಲೆಕ್ಕಾ ಹಾಕ್ಬೇಕಲ್ಲ."