ಮಾವನ ಡೋಲು, ಮಾಚಿಟೋ ಬ್ಯಾಂಡು

ಚನ್ನರಾಯಪಟ್ಟಣ ದಾಟಿ ಹೊಳೆನರಸೀಪುರದ ರಸ್ತೆಗೆ ಕಾರು ತಿರುಗಿದ ಕೂಡಲೇ ನನ್ನ ಪ್ಲೇಲಿಸ್ಟ್ ಬದಲಾಗುತ್ತೆ. ಬೆಂಗಳೂರಿನ ಟ್ರಾಫಿಕ್‌ಗೆ ಪಾಡ್‌ಕಾಸ್ಟ್, ಊರಿನ ದಾರಿಗೆ ‘ಕೆನ್ಯಾ’.

ಹೆಸರು ಕೇಳಿ ಆಫ್ರಿಕಾದಲ್ಲಿ ಮಾಡಿದ ಆಲ್ಬಂ ಅನ್ಕೋಬೇಡಿ. ಇದು 1957ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ರೆಕಾರ್ಡ್ ಆಗಿದ್ದು. ನುಡಿಸಿದ್ದು ಕ್ಯೂಬಾದಲ್ಲಿ ಬೆಳೆದ ಮಾಚಿಟೋ ಅವರ ‘ಆಫ್ರೋ-ಕ್ಯೂಬನ್ಸ್’ ಬ್ಯಾಂಡ್. ಒಂದು ಕಡೆ ಟ್ರಂಪೆಟ್, ಟ್ರೊಂಬೋನ್, ಸ್ಯಾಕ್ಸೋಫೋನ್‌ಗಳ ಅಮೆರಿಕನ್ ಜಾಝ್. ಇನ್ನೊಂದು ಕಡೆ ಕೊಂಗಾ, ಬೊಂಗೊಗಳ ಕ್ಯೂಬನ್ ಲಯ. ಆ ಲಯದ ಬೇರು ಇರೋದು ಆಫ್ರಿಕಾದಲ್ಲಿ, ಗುಲಾಮರಾಗಿ ಹಡಗು ಹತ್ತಿಸಿಕೊಂಡವರ ನೆನಪಿನಲ್ಲಿ. ಎರಡನ್ನೂ ಬೆಸೆದವರು ಬ್ಯಾಂಡ್‌ನ ಸಂಗೀತ ನಿರ್ದೇಶಕ ಮಾರಿಯೋ ಬೌಸಾ. ಅವರು ಮಾಚಿಟೋ ಸಹೋದರಿಯ ಗಂಡ, ಅಂದ್ರೆ ಇದೂ ಒಂಥರಾ ಬೀಗರ ಬ್ಯಾಂಡೇ! ‘ಕೆನ್ಯಾ’ದಲ್ಲಿ ಇವರ ಜೊತೆ ಸ್ಯಾಕ್ಸೋಫೋನ್ ಊದಿದವರಲ್ಲಿ ಕ್ಯಾನನ್‌ಬಾಲ್ ಆಡರ್ಲಿ ಕೂಡ ಇದ್ದಾರೆ.

ಐದು ಪೆಟ್ಟಿನ ಲೆಕ್ಕ

ಈ ಸಂಗೀತದ ಬೆನ್ನುಮೂಳೆ ‘ಕ್ಲಾವೆ’. ಎರಡು ಮರದ ಕಡ್ಡಿಗಳನ್ನ ತಟ್ಟಿ ಹಿಡಿಯುವ ಲಯ. 16 ಮಾತ್ರೆಗಳಲ್ಲಿ ಬರೀ ಐದು ಪೆಟ್ಟು: 3, 3, 4, 2, 4ರ ಅಂತರದಲ್ಲಿ. ಕೆಲವೊಮ್ಮೆ ಮೊದಲರ್ಧ, ಎರಡನೇ ಅರ್ಧ ಅದಲುಬದಲಾಗುತ್ತೆ. ಎಷ್ಟೋ ಸಲ ಕಡ್ಡಿಯ ಸದ್ದೇ ಇರಲ್ಲ, ಆದ್ರೂ ಬ್ಯಾಂಡ್‌ನಲ್ಲಿರೋ ಪ್ರತಿಯೊಬ್ಬರೂ ಅದನ್ನ ಮನಸ್ಸಲ್ಲೇ ಎಣಿಸ್ತಿರ್ತಾರೆ. ನನಗೆ ಇದು ಅರ್ಥವಾಗೋಕೆ ಲ್ಯಾಪ್‌ಟಾಪ್ ತೆಗೆದು ಒಂದು ಲೂಪ್ ಬರೆದು ನೋಡಬೇಕಾಯ್ತು.

ಹೋದ ತಿಂಗಳು ಮಾವನನ್ನ ಅರಕಲಗೂಡಿನಿಂದ ಹಾಸನಕ್ಕೆ ಫಿಸಿಯೋಥೆರಪಿಗೆ ಕರ್ಕೊಂಡು ಹೋಗ್ತಿದ್ದೆ. ಅಮ್ಮನ ಅಣ್ಣ ಅವರು. ನಲವತ್ತು ವರ್ಷ ವಾಲಗದಲ್ಲಿ ಡೋಲು ಬಾರಿಸಿದವರು. ಸ್ಟ್ರೋಕ್ ಆದ ಮೇಲೆ ಬಲಗೈ ಮಾತು ಕೇಳ್ತಿಲ್ಲ. ಕಾರಲ್ಲಿ ‘ಕೆನ್ಯಾ’ ಓಡ್ತಿತ್ತು. ನಾನು ದೊಡ್ಡ ಪಂಡಿತನ ಹಾಗೆ ಸ್ಟೀರಿಂಗ್ ಮೇಲೆ ಕ್ಲಾವೆ ತಟ್ಟಿ ತೋರಿಸಿದೆ.

ಮಾವ ಎರಡೇ ಸಲ ಕೇಳಿದ್ರು. ಎಡಗೈಯಿಂದ ತೊಡೆ ತಟ್ಟುತ್ತಾ ಶುರು ಮಾಡಿದ್ರು: “ತಕಿಟ ತಕಿಟ ತಕಧಿಮಿ ತಕ ತಕಧಿಮಿ. ಹದಿನಾರು. ಆದಿತಾಳದ ಒಂದು ಆವರ್ತಕ್ಕೆ ಸರಿಯಾಗಿ ಕೂರುತ್ತಲ್ಲೋ!”

ನನ್ನ ಕೋಡ್ ಐವತ್ತು ಸಾಲು. ಅವರದ್ದು ಒಂದೇ ಉಸಿರು.

ಮುಂದಿನ ಸಾಲಿನ ಕುರ್ಚಿ

ನಾನು ನಗಲಿಲ್ಲ. ನೆನಪಾಗಿದ್ದು ಅಕ್ಕನ ಮದುವೆ. ಮೂರು ವರ್ಷದ ಹಿಂದೆ ಹಾಸನದ ಕಲ್ಯಾಣ ಮಂಟಪವೊಂದರಲ್ಲಿ ನಡೀತು. ಎಲ್ಲಾ ಬುಕಿಂಗ್ ನನ್ನದೇ. ಪ್ಯಾಕೇಜ್‌ನಲ್ಲೇ ವಾಲಗ ಇತ್ತು, ರಿಸೆಪ್ಶನ್‌ಗೆ ಡಿಜೆ ಇತ್ತು. “ಮಾವ, ನೀವು ಸೋದರಮಾವ, ಆರಾಮಾಗಿ ಕೂತ್ಕೊಳ್ಳಿ” ಅಂದಿದ್ದೆ. “ಸರಿ ಬಿಡಪ್ಪ” ಅಂದ್ರು. ಗಟ್ಟಿಮೇಳದ ಹೊತ್ತಲ್ಲಿ ಮುಂದಿನ ಸಾಲಿನ ಕುರ್ಚಿಯಲ್ಲಿ ಕೈಕಟ್ಟಿ ಕೂತಿದ್ರು. ಆಗ ಅವರ ಎರಡೂ ಕೈ ಚೆನ್ನಾಗಿದ್ವು.

ಫಾರಿನ್ ಬ್ಯಾಂಡ್‌ನ ಲಯ ಕಲಿಯೋಕೆ ರಾತ್ರಿಯೆಲ್ಲ ಕೂತ ನಾನು, ಮನೆಯಲ್ಲೇ ಇದ್ದ ಲಯವನ್ನ ಒಂದು ದಿನವೂ ಕೂತು ಕೇಳಿರಲಿಲ್ಲ.

ಹೊರಗಿನವರು ಮಾತ್ರ ಕೇಳ್ತಾ ಬಂದಿದ್ದಾರೆ. ಬೆಂಗಳೂರಿನ ಟಿ.ಎ.ಎಸ್. ಮಣಿ ಅವರ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಜೊತೆ ಅಮೆರಿಕದ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮಾರಿಯಾನೋ 1983ರಲ್ಲಿ ‘ಜ್ಯೋತಿ’ ಆಲ್ಬಂ ಮಾಡಿದರು. ಹಾಡಿದ್ದು ಆರ್.ಎ. ರಮಾಮಣಿ. ಮುಂದೆ ಜರ್ಮನಿಯ ಡಬ್ಲ್ಯೂಡಿಆರ್ ಬಿಗ್ ಬ್ಯಾಂಡ್ ಕೂಡ ಇವರ ಜೊತೆ ಸೇರಿ ‘ಸ್ಕೆಚಸ್ ಆಫ್ ಬ್ಯಾಂಗಲೋರ್’ ನುಡಿಸಿತು. ಅತ್ತ ಮೈಸೂರು ಅರಮನೆ ಬ್ಯಾಂಡ್‌ನಲ್ಲಿ ಸ್ಯಾಕ್ಸೋಫೋನ್ ಕೇಳಿ ಮನಸೋತ ಕದ್ರಿ ಗೋಪಾಲನಾಥ್, ಅದನ್ನ ಕರ್ನಾಟಕ ಸಂಗೀತದ ವಾದ್ಯವನ್ನಾಗಿಯೇ ಮಾಡಿಬಿಟ್ಟರು. ಮಾವನ ಮೇಳದಲ್ಲೂ ಈಗ ನಾದಸ್ವರದ ಪಕ್ಕ ಸ್ಯಾಕ್ಸೋಫೋನ್ ಇದೆ.

ನೀವೂ ‘ಕೆನ್ಯಾ’ ಕೇಳಿ. ಮೊದಲ ಸಲ ಟ್ರಂಪೆಟ್‌ಗಳ ಅಬ್ಬರ ಸಾಕು. ಎರಡನೇ ಸಲ ಇಯರ್‌ಫೋನ್ ಹಾಕಿ ಬರೀ ಚರ್ಮವಾದ್ಯ ಹಿಡಿದು ಹೋಗಿ. ಮೂರನೇ ಸಲ, ಮನೆಯಲ್ಲಿ ಲಯ ಗೊತ್ತಿರೋ ಹಿರಿಯರಿದ್ರೆ ಅವರ ಪಕ್ಕ ಕೂತು ಕೇಳಿ.

ಬರೋ ಮಾಘದಲ್ಲಿ ನನ್ನ ಮದುವೆ. ಹಾಸನ ಹತ್ತಿರವಾದಾಗ ಧೈರ್ಯ ಮಾಡಿ ಕೇಳಿದೆ: “ಮಾವ, ವಾಲಗ ನಿಮ್ಮದೇ ಆಗ್ಬೇಕು.”

ಸ್ವಲ್ಪ ಹೊತ್ತು ಕಿಟಕಿ ಕಡೆ ನೋಡಿದ್ರು. “ಡೋಲು ಈಗ ನನ್ನ ಶಿಷ್ಯ ಬಾರಿಸ್ತಾನೆ. ನಾನು ಎಡಗೈಲಿ ತಾಳ ಹಾಕ್ತೀನಿ. ಆದ್ರೆ ಸಂಬಂಧ ಅಂತ ಬಿಟ್ಟಿ ಗಿಟ್ಟಿ ಇಲ್ಲ. ಮೇಳದಲ್ಲಿ ಐದು ಜನ ಇದಾರೆ, ಅಡ್ವಾನ್ಸ್ ಕೊಟ್ಟು ಬುಕ್ ಮಾಡು.”

ಆಸ್ಪತ್ರೆ ಮುಂದೆ ಕಾರು ನಿಲ್ಲಿಸಿ, ಅಲ್ಲೇ ಫೋನ್‌ಪೇ ಮಾಡಿದೆ.