ಜೇಜುರಿಯ ಮೆಟ್ಟಿಲು, ಜೇಬಿನ ಯಂತ್ರ

ಪುಣೆಯಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೆ ಜೇಜುರಿ ಹೊಸ ಊರಲ್ಲ. ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ‘ಏಳು ಕೋಟಿ’ ಎಂದು ಕೂಗಿ ಬೆಳೆದವರಿಗೆ ಇಲ್ಲಿನ ‘ಯೇಳಕೋಟ ಯೇಳಕೋಟ ಜಯ ಮಲ್ಹಾರ’ ಎಂಬ ಘೋಷ ಕಿವಿಗೆ ಬಿದ್ದೊಡನೆ ಊರಿನ ನೆನಪಾಗುತ್ತದೆ. ಮೈಲಾರಲಿಂಗನೇ ಖಂಡೋಬನೆಂಬ ನಂಬಿಕೆಯಿಂದ ವರ್ಷಕ್ಕೊಮ್ಮೆಯಾದರೂ ಗುಡ್ಡವೇರಿ ಭಂಡಾರ ಹಚ್ಚಿಕೊಂಡು ಬರುವ ಮನೆಗಳು ನಮ್ಮಲ್ಲಿ ಅನೇಕ. ನಮ್ಮದೂ ಅಂಥದೊಂದು ಮನೆ. ಸುಮಾರು 50 ಕಿ.ಮೀ. ದೂರದ ಈ ಪುಟ್ಟ ಯಾತ್ರೆಗೂ ಈಗ ಮನೆಯಲ್ಲಿ ಸಭೆ ಸೇರುತ್ತದೆ: ಕಾರೋ ರೈಲೋ? ಯಾರ ಫೋನಿನಲ್ಲಿ ನಕ್ಷೆ? ನಗದು ಬೇಕೋ ಬೇಡವೋ? ಇಂಥ ಪ್ರಶ್ನೆಗಳನ್ನು ನಾವು ಬಹುಕಾಲ ಹಗುರವಾಗಿಯೇ ಕಂಡಿದ್ದೆವು. ಕೆಲವು ವರ್ಷಗಳ ಹಿಂದಿನ ಒಂದು ಸೋಮವತಿ ಅಮಾವಾಸ್ಯೆ ನಮ್ಮ ಅಭಿಪ್ರಾಯವನ್ನು ಬದಲಿಸಿತು.

ಸೋಮವತಿಯಂದು ಖಂಡೋಬನ ಪಲ್ಲಕ್ಕಿ ಗುಡ್ಡದಿಂದಿಳಿದು ಕರ್ಹಾ ನದಿಗೆ ಸಾಗುತ್ತದೆ, ಜನಸಾಗರವೇ ನೆರೆಯುತ್ತದೆ. ಅಂದು ನಾವು ಐವರು ಕಾರಿನಲ್ಲಿ ಹೊರಟೆವು. ಛಾಯಾಚಿತ್ರ ಚೆನ್ನಾಗಿ ಬರಲೆಂದು ಮಗ ಹೊಸ ಫೋನು ಕೊಂಡಿದ್ದ. ನಮ್ಮ ತಾಯಿಯವರಿಗೆ ಆಗ 78 ವರ್ಷ. ಅವರ ಫೋನು ಜನಸಂದಣಿಯಲ್ಲಿ ಕಳೆದೀತೆಂದು ಕಾರಿನಲ್ಲಿಯೇ ಇಡಿಸಿದವರು ನಾವೇ. ಮೆಟ್ಟಿಲುಗಳ ನಡುವೆ ಒಮ್ಮೆ ನೂಕುನುಗ್ಗಲಾಯಿತು. ತಿರುಗಿ ನೋಡಿದರೆ ತಾಯಿಯವರಿಲ್ಲ.

ಮುಂದಿನ ಒಂದೂವರೆ ಗಂಟೆಯನ್ನು ನಾವು ಮರೆಯಲಾರೆವು. ನಮ್ಮ ಫೋನಿನ ಬ್ಯಾಟರಿ ಮುಗಿದಿತ್ತು. ಮಗನ ಹೊಸ ಫೋನಿನಿಂದ ಕರೆಯೇ ಹೋಗಲೊಲ್ಲದು. ಪಕ್ಕದವರ ಫೋನು ಬೇಡಿ ಪಡೆದೆವು. ಆದರೆ ಮಗನ ಸಂಖ್ಯೆಯಾಗಲಿ ಪತ್ನಿಯ ಸಂಖ್ಯೆಯಾಗಲಿ ನಮಗೆ ಬಾಯಿಪಾಠವಿರಲಿಲ್ಲ. ದಿನವಿಡೀ ಬ್ಯಾಂಕಿನಲ್ಲಿ ಅಂಕಿಗಳೊಡನೆ ಇರುವ ನಮಗೆ ಮನೆಯವರ ಹತ್ತು ಅಂಕಿಗಳು ನೆನಪಿರಲಿಲ್ಲ.

ತಾಯಿಯವರನ್ನು ನಮಗೆ ಮರಳಿಸಿದ್ದು ಒಂದು ಚೀಟಿ. ಅವರು ದೀಪಮಾಲೆಯ ಕಟ್ಟೆಯ ಬಳಿ ಕುಳಿತು, ಎಲೆ-ಅಡಿಕೆಯ ಸಂಚಿಯಿಂದ ಮೊಮ್ಮಗಳು ಬರೆದುಕೊಟ್ಟಿದ್ದ ಚೀಟಿಯನ್ನು ತೆಗೆದು ಭಂಡಾರ ಮಾರುವ ಹೆಂಗಸಿಗೆ ತೋರಿಸಿದರು. ಆಕೆ ವ್ಯಾಪಾರವನ್ನು ಬದಿಗಿಟ್ಟು ಮತ್ತೆ ಮತ್ತೆ ಪ್ರಯತ್ನಿಸಿದಳು. ಕೊನೆಗೆ ಗಂಟೆ ಬಾರಿಸಿದ್ದು ನಾವೆಲ್ಲ ನಗುತ್ತಿದ್ದ, ಪತ್ನಿಯ ಹಳೆಯ ಗುಂಡಿಯ ಫೋನು.

ಅಂದು ನಡೆದುದಕ್ಕೆ ಕಾರಣಗಳೇನೆಂದು ಆಮೇಲೆ ಯೋಚಿಸಿದೆವು; ಓದುಗರಿಗೂ ಉಪಯೋಗವಾದೀತೆಂದು ಇಲ್ಲಿ ಹೇಳುತ್ತೇವೆ.

ಮೊದಲನೆಯದು ಸಂಪರ್ಕ. ಒಂದು ಮೊಬೈಲ್ ಗೋಪುರ ಏಕಕಾಲಕ್ಕೆ ನಿರ್ವಹಿಸಬಲ್ಲ ಕರೆಗಳಿಗೆ ಮಿತಿಯುಂಟು. ಜಾತ್ರೆಯಲ್ಲಿ ಆ ಮಿತಿ ಮೀರಿದರೆ ಎಷ್ಟು ಬೆಲೆಯ ಫೋನಾದರೂ ಸುಮ್ಮನಾಗುತ್ತದೆ. ಸಂಕೇತ ದುರ್ಬಲವಾದಷ್ಟೂ ಫೋನು ಹೆಚ್ಚು ಶಕ್ತಿ ವ್ಯಯಿಸಿ ಗೋಪುರವನ್ನು ಮುಟ್ಟಲು ಯತ್ನಿಸುವುದರಿಂದ ಬ್ಯಾಟರಿಯೂ ಬೇಗ ಬರಿದಾಗುತ್ತದೆ. ಜಿಪಿಎಸ್‌ಗೆ ಮಾತ್ರ ಇಂಟರ್‌ನೆಟ್ ಬೇಕಿಲ್ಲ. ಅದು ಉಪಗ್ರಹಗಳ ಸಂಕೇತವನ್ನು ನೇರವಾಗಿ ಪಡೆಯುತ್ತದೆ. ಬೇಕಾದುದು ನಕ್ಷೆ. ಅದನ್ನು ಮನೆಯಲ್ಲಿಯೇ ಇಳಿಸಿಕೊಂಡಿದ್ದರೆ ದಿವೆ ಘಾಟಿನಲ್ಲಿ ಸಂಪರ್ಕ ತಪ್ಪಿದರೂ ದಾರಿ ತಪ್ಪದು.

ಎರಡನೆಯದು ಪವರ್ ಬ್ಯಾಂಕ್. 10,000 ಎಂಎಎಚ್ ಎಂದು ಬರೆದಿರುವುದು ಒಳಗಿನ ಸುಮಾರು 3.7 ವೋಲ್ಟ್‌ನ ಕೋಶದ ಲೆಕ್ಕ. ಫೋನಿಗೆ ಹೊರಬರುವಾಗ ಅದು 5 ವೋಲ್ಟ್ ಆಗಬೇಕಾದ್ದರಿಂದ, ಲೆಕ್ಕದ ಪ್ರಕಾರವೇ 7,400 ಆಗುತ್ತದೆ. ಶಾಖವಾಗಿ ನಷ್ಟವಾಗುವುದನ್ನು ಕಳೆದರೆ ಕೈಗೆ ಸಿಗುವುದು ಇನ್ನೂ ಕಡಿಮೆ. ಹಿಂಬದಿಯ ಸಣ್ಣ ಅಕ್ಷರಗಳಲ್ಲಿ ‘ರೇಟೆಡ್ ಕೆಪಾಸಿಟಿ’ ಎಂದು ಮುದ್ರಿಸಿರುವ ಅಂಕಿಯನ್ನೇ ನೋಡಿ ಕೊಳ್ಳುವುದು ಲೇಸು.

ಮೂರನೆಯದು ಹಣ. 2016ರಲ್ಲಿ ಬಂದ ಯುಪಿಐ ಇಂದು ಭಂಡಾರದ ಅಂಗಡಿಯವರೆಗೂ ತಲುಪಿದೆ. ಬ್ಯಾಂಕಿನವರಾಗಿ ನಮಗದು ಸಂತೋಷವೇ. ಆದರೆ ಸಂಪರ್ಕವಿಲ್ಲದಾಗ ಚೌಕಟ್ಟಿನ ಚಿತ್ರವಷ್ಟೇ ಉಳಿಯುತ್ತದೆ. ಹತ್ತು, ಇಪ್ಪತ್ತು, ಐವತ್ತರ ನೋಟುಗಳು ಜೇಬಿನಲ್ಲಿರುವುದು ಹಿಂದುಳಿದವರ ಲಕ್ಷಣವಲ್ಲ.

ಇನ್ನು ಆ ಹೊಸ ಫೋನಿನ ವಿಚಾರ. ಮಗ ಅದನ್ನು ‘ನೋ ಕಾಸ್ಟ್’ ಕಂತಿನಲ್ಲಿ ಕೊಂಡಿದ್ದ. ‘ಅಪ್ಪಾ, ಬಡ್ಡಿಯೇ ಇಲ್ಲ’ ಎಂದಿದ್ದ. ಶೂನ್ಯ ಬಡ್ಡಿ ಎಂಬುದೊಂದಿಲ್ಲವೆಂದು ರಿಸರ್ವ್ ಬ್ಯಾಂಕು 2013ರ ಸೆಪ್ಟೆಂಬರಿನಲ್ಲಿಯೇ ಬ್ಯಾಂಕುಗಳಿಗೆ ಸುತ್ತೋಲೆ ಕಳುಹಿಸಿತ್ತು. ಒಂದು ಉದಾಹರಣೆ ನೋಡೋಣ. ಬೆಲೆ 30,000 ರೂಪಾಯಿ, ತಿಂಗಳಿಗೆ 5,000ದಂತೆ ಆರು ಕಂತು, ವಾರ್ಷಿಕ ಬಡ್ಡಿ ಶೇ. 15 ಎಂದಿಟ್ಟುಕೊಂಡರೆ, ಬ್ಯಾಂಕು ನೀಡುವ ಸಾಲ ಸುಮಾರು 28,730 ರೂಪಾಯಿ. ಉಳಿದ 1,270 ರೂಪಾಯಿ ಬಡ್ಡಿ. ಅಷ್ಟನ್ನು ಮಾರುವವನು ‘ರಿಯಾಯಿತಿ’ ಎಂದು ಬಿಟ್ಟುಕೊಡುತ್ತಾನೆ. ಕ್ರೆಡಿಟ್ ಕಾರ್ಡಿನ ಕಂತಾದರೆ ಆ ಬಡ್ಡಿಯ ಮೇಲೆ ಶೇ. 18ರ ಜಿಎಸ್‌ಟಿ, ಅಂದರೆ ಸುಮಾರು 229 ರೂಪಾಯಿ, ಗ್ರಾಹಕನ ಪಾಲಿಗೆ. ಸಂಸ್ಕರಣಾ ಶುಲ್ಕವಿದ್ದರೆ ಅದು ಬೇರೆ. ಕಂತು ತಪ್ಪೆಂದು ನಾವು ಹೇಳುವುದಿಲ್ಲ. ಒಮ್ಮೆಗೆ ಹಣ ಕೊಡುವವನಿಗೂ ಆ ರಿಯಾಯಿತಿ ಉಂಟೇ ಎಂದು ಮೊದಲು ಕೇಳಬೇಕು, ಅಷ್ಟೇ.

ಪ್ರಯಾಣದಲ್ಲಿಯೂ ನಮ್ಮ ಅಭ್ಯಾಸ ಬದಲಾಗಿದೆ. ಅರುಣ್ ಕೊಲಟ್ಕರ್ ಅವರ ‘ಜೇಜುರಿ’ (1976) ಎಂಬ ಇಂಗ್ಲಿಷ್ ಕವನಗುಚ್ಛ ಬಸ್ಸಿನಿಂದ ಆರಂಭವಾಗಿ ರೈಲು ನಿಲ್ದಾಣದಲ್ಲಿ ಮುಗಿಯುತ್ತದೆ. ಕಾರೇ ಸುಖವೆಂದು ನಂಬಿದ್ದ ನಾವೂ ಈಗ ಪುಣೆ-ಮಿರಜ್ ಮಾರ್ಗದ ರೈಲು ಹಿಡಿಯುತ್ತೇವೆ. ಜಾತ್ರೆಯಂದು ಕಾರನ್ನು ದೂರದಲ್ಲಿಯೇ ನಿಲ್ಲಿಸಿ ಹಿರಿಯರನ್ನು ನಡೆಸಬೇಕಾಗುತ್ತದೆ. ರೈಲಿನಲ್ಲಾದರೆ ಎಲ್ಲರೂ ಎದುರುಬದುರು ಕುಳಿತು ಮಾತನಾಡಬಹುದು. ನಿಲ್ದಾಣದಿಂದ ಗುಡ್ಡದ ಬುಡಕ್ಕೆ ರಿಕ್ಷಾ ಸಾಕು. ಹಬ್ಬದ ದಿನ ಬಿಟ್ಟು ಸಾಮಾನ್ಯ ವಾರದ ದಿನ ಹೋದರೆ ದೇವರಿಗೂ ಬೇಸರವಾಗದೆಂಬುದು ತಾಯಿಯವರದೇ ತೀರ್ಪು.

ವಸ್ತುವನ್ನು ಕೊಳ್ಳುವಾಗ ಅದು ಏನೇನು ಮಾಡಬಲ್ಲದೆಂದು ನಾವೆಲ್ಲ ಕೇಳುತ್ತೇವೆ. ಅದು ಕೈಕೊಟ್ಟಾಗ ನಮ್ಮ ಬಳಿ ಏನು ಉಳಿಯುತ್ತದೆ, ಮನೆಯಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವರ ಕೈಯಲ್ಲಿ ಏನಿರುತ್ತದೆ ಎಂಬುದನ್ನೂ ಕೇಳಿಕೊಳ್ಳಬೇಕೆಂದು ನಮಗೆ ಈಗ ತೋರುತ್ತದೆ. ಮುಂದಿನ ಬಾರಿ ಜೇಜುರಿಗೆ ಹೊರಡುವ ಓದುಗರು ಫೋನನ್ನು ಚಾರ್ಜಿಗೆ ಹಾಕಿದ ಮೇಲೆ ಒಂದು ಚೀಟಿಯನ್ನೂ ಬರೆಯಲಿ. ಭೇಟಿಯಾಗಬೇಕಾದ ಸ್ಥಳವನ್ನು ಮೊದಲೇ ಗೊತ್ತುಮಾಡಿಕೊಳ್ಳಲಿ.

ಅಂದು ತಾಯಿಯವರನ್ನು ಕಂಡೊಡನೆ ನಮ್ಮ ಕಣ್ಣು ತುಂಬಿತ್ತು. ಅವರು ಮಾತ್ರ ಶಾಂತರಾಗಿ, ‘ನಾ ಎಲ್ಲಿ ಹೋಗಿದ್ದೆ? ಇಲ್ಲೇ ಕುಂತಿದ್ದೆ. ಕಳಕೊಂಡವರು ನೀವು’ ಎಂದರು. ನಾವು ಆ ರಾತ್ರಿಯೇ ನಾಲ್ವರ ಸಂಖ್ಯೆಗಳನ್ನು ಬಾಯಿಪಾಠ ಮಾಡಿದೆವು.