1962ರ ವರದಿಗೆ ಇನ್ನೂ ಏಕೆ ಬೀಗ?

1962ರ ಅಕ್ಟೋಬರ್ 20ರ ಮುಂಜಾನೆ ನಮ್ಕಾ ಚು ಕಣಿವೆಯಲ್ಲಿ ಚೀನಾ ಸೇನೆ ಮುಗಿಬಿದ್ದಾಗ ನಮ್ಮ ಯೋಧರಿಗೆ ಸಾಕಷ್ಟು ಮದ್ದುಗುಂಡು ಇರಲಿಲ್ಲ, ಹಿಮಾಲಯದ ಚಳಿಗೆ ತಕ್ಕ ಉಡುಪೂ ಇರಲಿಲ್ಲ. ಅಲ್ಲಿನ 7ನೇ ಬ್ರಿಗೇಡ್‌ನ ನೇತೃತ್ವ ವಹಿಸಿದ್ದ ಬ್ರಿಗೇಡಿಯರ್ ಜಾನ್ ದಳವಿ ಸೆರೆಸಿಕ್ಕರು. ಮುಂದೆ ಅವರು ಬರೆದ ‘ಹಿಮಾಲಯನ್ ಬ್ಲಂಡರ್’ ಕೃತಿಯನ್ನು ರವಿ ಬೆಳಗೆರೆ ಕನ್ನಡಕ್ಕೆ ತಂದರು. ಆ ದುರಂತದ ಕಥೆಯನ್ನು ಕನ್ನಡಿಗರು ಕಣ್ಣೀರಿಟ್ಟು ಓದಿದ್ದಾರೆ. ಆದರೆ ಅದೇ ಸೋಲಿನ ಬಗ್ಗೆ ಸೇನೆಯೇ ನಡೆಸಿದ ವಿಚಾರಣೆಯ ವರದಿಯನ್ನು ಓದುವ ಹಕ್ಕು ಮಾತ್ರ ನಮಗೆ ಇನ್ನೂ ಸಿಕ್ಕಿಲ್ಲ.

ಆ ವರದಿಯನ್ನು ಸಿದ್ಧಪಡಿಸಿದವರು ಲೆಫ್ಟಿನೆಂಟ್ ಜನರಲ್ ಹೆಂಡರ್ಸನ್ ಬ್ರೂಕ್ಸ್ ಮತ್ತು ವಿಕ್ಟೋರಿಯಾ ಕ್ರಾಸ್ ಪುರಸ್ಕೃತ ಬ್ರಿಗೇಡಿಯರ್ ಪಿ.ಎಸ್. ಭಗತ್. 1963ರಲ್ಲಿ ಸಲ್ಲಿಕೆಯಾದ ಅದು ‘ಪರಮ ಗೋಪ್ಯ’ ಮುದ್ರೆಯೊಂದಿಗೆ ಕಪಾಟು ಸೇರಿತು. ಅದರ ತಿರುಳು ಹೊರಬಂದದ್ದು ಆಸ್ಟ್ರೇಲಿಯಾದ ಪತ್ರಕರ್ತ ನೆವಿಲ್ ಮ್ಯಾಕ್ಸ್‌ವೆಲ್ ಅವರ ಮೂಲಕ. 1970ರಲ್ಲೇ ಅವರು ಅದನ್ನು ಆಧರಿಸಿ ಪುಸ್ತಕ ಬರೆದರು. 2014ರ ಮಾರ್ಚ್‌ನಲ್ಲಿ ವರದಿಯ ಮೊದಲ ಭಾಗದ ಬಹುಪಾಲು ಪುಟಗಳನ್ನು ಅಂತರ್ಜಾಲದಲ್ಲೇ ಇಟ್ಟರು. ಜಗತ್ತು ಓದಿದ ಪುಟಗಳನ್ನು ಸ್ವಂತ ಪ್ರಜೆಗಳಿಂದ ಬಚ್ಚಿಡುವುದರಲ್ಲಿ ಯಾವ ರಕ್ಷಣೆಯಿದೆ?

ಈ ವಿಷಯದಲ್ಲಿ ಪಕ್ಷಭೇದವಿಲ್ಲ. ವರದಿಗೆ ಇಂದಿಗೂ ಕಾರ್ಯಾಚರಣೆಯ ಮಹತ್ವವಿದೆ ಎಂದು ರಕ್ಷಣಾ ಸಚಿವ ಎ.ಕೆ. ಆಂಟನಿ 2010ರಲ್ಲಿ ಸಂಸತ್ತಿಗೆ ಹೇಳಿದರು. ಹಿರಿಯ ಪತ್ರಕರ್ತ ಕುಲದೀಪ್ ನಯ್ಯರ್ ಮಾಹಿತಿ ಹಕ್ಕಿನಡಿ ಕೇಳಿದಾಗ ಕೇಂದ್ರ ಮಾಹಿತಿ ಆಯೋಗವೂ ಒಪ್ಪಲಿಲ್ಲ. 2014ರ ಮಾರ್ಚ್‌ನಲ್ಲಿ, ವಿರೋಧ ಪಕ್ಷದಲ್ಲಿದ್ದಾಗ, ಇಂಥ ದಾಖಲೆಯನ್ನು ಅನಂತಕಾಲ ಮುಚ್ಚಿಡಬಾರದೆಂದು ವಾದಿಸಿದ್ದ ಅರುಣ್ ಜೇಟ್ಲಿ, ಅದೇ ವರ್ಷ ರಕ್ಷಣಾ ಸಚಿವರಾದ ಮೇಲೆ ಬಿಡುಗಡೆ ರಾಷ್ಟ್ರಹಿತಕ್ಕೆ ಒಳ್ಳೆಯದಲ್ಲ ಎಂದರು.

ದೇಶಕ್ಕೆ ಗುಟ್ಟುಗಳು ಬೇಕು, ನಿಜ. ಗೂಢಚಾರರ ಹೆಸರು, ಸಂಕೇತ ಲಿಪಿ, ಸೇನಾ ನೆಲೆಗಳ ವಿವರ ಬಯಲಾದರೆ ಜೀವ ಹೋಗುತ್ತದೆ. ‘ರಾ’ ಮತ್ತು ಗುಪ್ತಚರ ದಳವನ್ನು 2005ರ ಮಾಹಿತಿ ಹಕ್ಕು ಕಾಯ್ದೆ ಬಹುಮಟ್ಟಿಗೆ ಹೊರಗಿಟ್ಟಿರುವುದೂ ಇದೇ ಕಾರಣಕ್ಕೆ. ಆದರೆ ಜೀವ ಉಳಿಸುವ ಗುಟ್ಟು ಬೇರೆ, ಮಾನ ಉಳಿಸಿಕೊಳ್ಳುವ ಗುಟ್ಟು ಬೇರೆ. ರಹಸ್ಯ ಕಾಪಾಡುವುದಕ್ಕಿಂತ ಬಹಿರಂಗಪಡಿಸುವುದರಲ್ಲೇ ಸಾರ್ವಜನಿಕ ಹಿತ ಹೆಚ್ಚಿದ್ದರೆ, 1923ರ ಅಧಿಕೃತ ರಹಸ್ಯ ಕಾಯ್ದೆಯನ್ನೂ ಬದಿಗಿಟ್ಟು ಮಾಹಿತಿ ಕೊಡಬಹುದೆಂದು ಮಾಹಿತಿ ಹಕ್ಕು ಕಾಯ್ದೆಯೇ ಹೇಳುತ್ತದೆ.

ದಾರಿ ತೋರಿಸುವ ನಿದರ್ಶನಗಳು ನಮ್ಮಲ್ಲೇ ಇವೆ. 1999ರ ಕಾರ್ಗಿಲ್ ಯುದ್ಧದ ಬಗ್ಗೆ ಕೆ. ಸುಬ್ರಹ್ಮಣ್ಯಂ ಸಮಿತಿ ಕೊಟ್ಟ ವರದಿ, ಸೂಕ್ಷ್ಮ ಭಾಗಗಳನ್ನು ತೆಗೆದು, 2000ದ ಫೆಬ್ರುವರಿಯಲ್ಲೇ ಸಂಸತ್ತಿನ ಮುಂದೆ ಬಂತು. ಗುಪ್ತಚರ ವೈಫಲ್ಯದ ಚರ್ಚೆ ನಡೆಯಿತು, ಸುಧಾರಣೆಗಳೂ ಆರಂಭವಾದವು. ನೇತಾಜಿ ಸುಭಾಷ್‌ಚಂದ್ರ ಬೋಸ್ ಅವರಿಗೆ ಸಂಬಂಧಿಸಿದ 100 ಕಡತಗಳನ್ನು ಕೇಂದ್ರ 2016ರ ಜನವರಿ 23ರಂದು ಬಿಡುಗಡೆ ಮಾಡಿದಾಗ ಆಕಾಶವೇನೂ ಕಳಚಿಬೀಳಲಿಲ್ಲ.

ಯುದ್ಧ ದಾಖಲೆಗಳನ್ನು ಸಾಮಾನ್ಯವಾಗಿ 25 ವರ್ಷಗಳಲ್ಲಿ ಗೋಪ್ಯತೆಯಿಂದ ಮುಕ್ತಗೊಳಿಸಬೇಕೆಂದು 2021ರಲ್ಲಿ ರಕ್ಷಣಾ ಸಚಿವಾಲಯವೇ ನೀತಿ ರೂಪಿಸಿದೆ. ಹೆಂಡರ್ಸನ್ ಬ್ರೂಕ್ಸ್ ವರದಿಗೆ ಅರವತ್ತು ದಾಟಿದೆ. ಸೂಕ್ಷ್ಮ ಪುಟಗಳಿದ್ದರೆ ಅವನ್ನಷ್ಟೇ ತೆಗೆದಿಟ್ಟು, ಉಳಿದದ್ದನ್ನು ಸರ್ಕಾರ ಸಂಸತ್ತಿನಲ್ಲಿ ಮಂಡಿಸಲಿ. ಆ ಹಿಮದಲ್ಲಿ ಪ್ರಾಣ ಕೊಟ್ಟವರ ಕುಟುಂಬಗಳಿಗೆ ನಾವು ಸಲ್ಲಿಸಬೇಕಾದ ಕನಿಷ್ಠ ಋಣ ಇದು.